ಕಡಿಮೆ ಬೆಲೆಯ ಇಯರ್‌ಫೋನ್: ನಾದ ಪರೀಕ್ಷಿಸುವುದು ಹೇಗೆ, ಕೊಟ್ಟ ದುಡ್ಡಿಗೆ ತಕ್ಕದ್ದೇ ಎಂದು ತಿಳಿಯುವುದು ಹೇಗೆ

400 ರೂಪಾಯಿಂದ 2,500 ರೂಪಾಯಿವರೆಗಿನ ಇಯರ್‌ಫೋನ್‌ಗಳಲ್ಲಿ ಯಾವುದು ಒಳ್ಳೆಯದು ಎಂದು ಬೆಲೆ ನೋಡಿ ಹೇಳಲಾಗದು. 700 ರೂಪಾಯಿಯದು 2,000ದ್ದಕ್ಕಿಂತ ಚೆನ್ನಾಗಿ ನುಡಿಯುವುದುಂಟು. ಶಿವಮೊಗ್ಗದ ನೆಹರೂ ರಸ್ತೆಯ ಅಂಗಡಿಯಲ್ಲಿ ಕೊಂಡರೂ ಸರಿ, ಆನ್‌ಲೈನಿನಲ್ಲಿ ತರಿಸಿಕೊಂಡರೂ ಸರಿ, ಪರೀಕ್ಷೆಯ ಕ್ರಮ ಒಂದೇ. ಮೊದಲು ಕಿವಿಗೆ ಸರಿಯಾಗಿ ಕೂರಿಸಬೇಕು. ಆಮೇಲೆ ಹೋಲಿಸುವ ಎರಡರ ವಾಲ್ಯೂಮನ್ನೂ ಒಂದೇ ಮಟ್ಟಕ್ಕೆ ತರಬೇಕು. ಹಾಡು ಹಾಕಿ ಕೇಳುವುದು ಅದಾದ ಮೇಲೆ. ಮೊದಲಿನ ಎರಡನ್ನೂ ಬಿಟ್ಟು ನೇರ ಹಾಡಿಗೆ ಹೋದವರ ತೀರ್ಮಾನ ತಲೆಕೆಳಗಾಗುವುದೇ ಹೆಚ್ಚು.

ಕಿವಿಗೆ ಕೂರಿಸುವುದು

‘ಬೇಸೇ ಇಲ್ಲ’ ಎಂಬ ದೂರಿನಲ್ಲಿ ಬಹುಪಾಲು ಇಯರ್‌ಫೋನಿನ ತಪ್ಪಲ್ಲ, ತುದಿಯ ರಬ್ಬರಿನದು. ಕಿವಿಯ ಗೋಡೆಗೂ ರಬ್ಬರಿಗೂ ನಡುವೆ ಕೂದಲೆಳೆಯಷ್ಟು ಸಂದು ಉಳಿದರೂ ಕೆಳಸ್ವರದ ಒತ್ತಡ ಅಲ್ಲಿಂದಲೇ ಸೋರಿಹೋಗುತ್ತದೆ. ಆಗ ಉಳಿಯುವುದು ತೆಳುವಾದ, ಚುಚ್ಚುವ ಸದ್ದು. ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಮೂರು ಅಳತೆಯ ರಬ್ಬರು ಇರುತ್ತವೆ. ಮಧ್ಯಮದ್ದು ಮೊದಲೇ ಹಾಕಿರುತ್ತಾರೆ, ಹೆಚ್ಚಿನವರು ಉಳಿದೆರಡನ್ನು ಮುಟ್ಟುವುದೇ ಇಲ್ಲ.

ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ತುದಿಯನ್ನು ಮೇಲಕ್ಕೂ ಹಿಂದಕ್ಕೂ ಮೆಲ್ಲಗೆ ಎಳೆಯಿರಿ. ನಾಳ ನೆಟ್ಟಗಾಗುತ್ತದೆ. ಇಯರ್‌ಫೋನನ್ನು ಸ್ವಲ್ಪ ತಿರುಗಿಸುತ್ತ ಒಳಗೆ ಕೂರಿಸಿ ಕಿವಿ ಬಿಡಿ. ಈಗ ಬೇಸ್ ಇರುವ ಹಾಡೊಂದನ್ನು ಹಾಕಿ, ಬೆರಳಿನಿಂದ ಇಯರ್‌ಫೋನನ್ನು ಹಗುರಾಗಿ ಒತ್ತಿ. ಒತ್ತಿದಾಗ ಬೇಸ್ ತಟ್ಟನೆ ಏರಿ, ಬಿಟ್ಟಾಗ ಇಳಿದರೆ ಸೋರಿಕೆ ಇದೆ ಎಂದರ್ಥ; ಒಂದು ಅಳತೆ ದೊಡ್ಡ ರಬ್ಬರು ಹಾಕಿ. ಎರಡು ಕಿವಿಗೆ ಬೇರೆ ಬೇರೆ ಅಳತೆ ಬೇಕಾಗಬಹುದು, ಅದು ಸಹಜ. ಸರಿಯಾಗಿ ಕೂತಿದ್ದರೆ ನೀವು ಮಾತಾಡಿದಾಗ ನಿಮ್ಮ ದನಿ ತಲೆಯೊಳಗೆ ಗುಂಯ್‌ಗುಡುತ್ತದೆ.

ಒಳಗೆ ತಳ್ಳುವಾಗ ‘ಚರಕ್’ ಎಂಬ ಸಣ್ಣ ಸದ್ದು ಬಂದರೆ ಅದು ಇಯರ್‌ಫೋನಿನೊಳಗಿನ ತೆಳು ಪೊರೆ ಗಾಳಿಯ ಒತ್ತಡಕ್ಕೆ ಬಾಗಿದ ಸದ್ದು. ನಿಧಾನವಾಗಿ ಹಾಕಿದರೆ ಕಡಿಮೆಯಾಗುತ್ತದೆ. ಆ ಸದ್ದಾದ ಮೇಲೆ ಆ ಬದಿ ಮಂಕಾಗಿ, ಒಮ್ಮೆ ತೆಗೆದು ಹಾಕಿದ ಮೇಲೆ ಸರಿಹೋಗುವ ಜೋಡಿಯನ್ನು ಕೊಳ್ಳಬೇಡಿ. ಇದು ದಿನಾ ಕಾಡುವ ದೋಷ.

ಕಿವಿಯೊಳಗೆ ಹೋಗುವ ವಸ್ತುವಾದ್ದರಿಂದ ಪೆಟ್ಟಿಗೆ ಒಡೆದ ಮೇಲೆ ಅನೇಕ ಅಂಗಡಿಗಳು, ಆನ್‌ಲೈನ್ ಮಾರಾಟಗಾರರು ವಾಪಸ್ ತೆಗೆದುಕೊಳ್ಳುವುದಿಲ್ಲ, ಬದಲಿ ಮಾತ್ರ ಕೊಡುತ್ತಾರೆ. ಒಡೆಯುವ ಮೊದಲೇ ಆ ಷರತ್ತು ಓದಿ. ಡೆಮೊ ಜೋಡಿ ಇರುವ ಕಡೆ ನಿಮಗೆ ಒಗ್ಗಿದ ರಬ್ಬರನ್ನು ಮನೆಯಿಂದಲೇ ಒಯ್ಯುವುದು ಒಳ್ಳೆಯದು.

ಫೋನಿನ ಸಿದ್ಧತೆ, ವಾಲ್ಯೂಮಿನ ಸಮ

ಈಕ್ವಲೈಸರ್, ಡಾಲ್ಬಿ, ಬೇಸ್ ಬೂಸ್ಟ್ ಮುಂತಾದ ನಾದ ಬದಲಿಸುವ ಸೆಟ್ಟಿಂಗ್ ಎಲ್ಲವನ್ನೂ ಆಫ್ ಮಾಡಿ. ಹಾಡನ್ನು ಮೊದಲೇ ಹೆಚ್ಚಿನ ಗುಣಮಟ್ಟದಲ್ಲಿ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಮಲೆನಾಡಿನಲ್ಲಿ ಇದನ್ನು ಒತ್ತಿ ಹೇಳಲೇಬೇಕು. ತೀರ್ಥಹಳ್ಳಿ, ಹೊಸನಗರದ ಕಡೆ ಗುಡ್ಡದ ಮರೆಗೆ ಹೋದೊಡನೆ ನೆಟ್‌ವರ್ಕ್ ಕುಸಿಯುತ್ತದೆ, ಆ್ಯಪ್ ತಾನಾಗಿಯೇ ಹಾಡಿನ ಗುಣಮಟ್ಟ ಇಳಿಸುತ್ತದೆ. ತಾಳದ ಸದ್ದು ನೀರಿನಲ್ಲಿ ಅದ್ದಿದಂತೆ ‘ಶ್ಲ್ ಶ್ಲ್’ ಎಂದರೆ ಅದು ಹಾಡಿನ ಫೈಲಿನ ದೋಷ. ಬಯ್ಗುಳ ಮಾತ್ರ ಇಯರ್‌ಫೋನಿಗೆ.

ಎರಡು ಜೋಡಿ ಹೋಲಿಸುವಾಗ ಜೋರಾಗಿ ಕೇಳುವುದೇ ಚೆನ್ನಾಗಿದೆ ಎಂದು ಕಿವಿ ನಂಬುತ್ತದೆ. ವಾಲ್ಯೂಮ್ ಏರಿದಂತೆ ಬೇಸ್ ತುಂಬಿಕೊಂಡಂತೆಯೂ ಕೇಳುತ್ತದೆ. ಮನುಷ್ಯನ ಕಿವಿಯ ಸ್ವಭಾವವೇ ಅದು. ಆದ್ದರಿಂದ ಸಂಗೀತ ಬೇಡ, ವಾರ್ತೆ ಓದುವ ದನಿಯೊಂದನ್ನು ಹಾಕಿ. ಒಂದರಲ್ಲಿ ಹಿತವಾದ ಮಟ್ಟಕ್ಕೆ ಇಟ್ಟು, ಇನ್ನೊಂದಕ್ಕೆ ಬದಲಾಯಿಸಿ ದನಿ ಅಷ್ಟೇ ಹತ್ತಿರ ಕೇಳುವಂತೆ ಹೊಂದಿಸಿ. ಎರಡರ ವಾಲ್ಯೂಮ್ ಗುರುತನ್ನೂ ಬರೆದಿಟ್ಟುಕೊಳ್ಳಿ. ಇನ್ನು ಮುಂದಿನದೆಲ್ಲ ಆ ಗುರುತಿನಲ್ಲೇ.

ಕೇಳುವ ಕ್ರಮ

ಅದೇ ವಾರ್ತೆಯ ದನಿ ಹಣೆಯ ನಟ್ಟನಡುವೆ ಕೇಳಬೇಕು. ಒಂದು ಕಡೆ ವಾಲಿದರೆ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ನೋಡಿ. ವಾಲುವಿಕೆ ಇನ್ನೊಂದು ಕಡೆಗೆ ಹೋದರೆ ದೋಷ ಇಯರ್‌ಫೋನಿನದು, ಬದಲಿ ಕೇಳಿ. ಅದೇ ಕಡೆ ಉಳಿದರೆ ರಬ್ಬರು ಸರಿ ಕೂತಿಲ್ಲ ಅಥವಾ ಕಿವಿಯಲ್ಲಿ ಗುಗ್ಗೆ ಇದೆ.

ಮುಂದೆ ಗಂಡುದನಿಯ ಭಾವಗೀತೆ. ಶಿವಮೊಗ್ಗ ಸುಬ್ಬಣ್ಣನವರಂಥ ತುಂಬುಕಂಠದ ಸುಗಮ ಸಂಗೀತ ಇದಕ್ಕೆ ಹೇಳಿ ಮಾಡಿಸಿದ್ದು. ಕಡಿಮೆ ಬೆಲೆಯ ತಯಾರಕರು ಬೇಸ್ ಹೆಚ್ಚಿಸುವ ಭರದಲ್ಲಿ 100ರಿಂದ 300 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ನಡುವಿನ ಭಾಗವನ್ನೂ ಉಬ್ಬಿಸಿಬಿಡುತ್ತಾರೆ. ಗಂಡುದನಿಯ ಬುಡ ಇರುವುದು ಅಲ್ಲೇ. ಉಬ್ಬಿದಾಗ ಗಾಯಕ ಕಂಬಳಿಯ ಮರೆಯಲ್ಲಿ ನಿಂತು ಹಾಡಿದಂತಿರುತ್ತದೆ, ಒತ್ತಕ್ಷರಗಳು ಮಸುಕಾಗುತ್ತವೆ. ಸಾಹಿತ್ಯದ ಪ್ರತಿ ಪದ ಬಿಡಿಸಿ ಕೇಳದ ಇಯರ್‌ಫೋನನ್ನು ಕನ್ನಡ ಹಾಡಿಗೆಂದು ಕೊಳ್ಳಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ, ಅದರ ಬೇಸ್ ಎಷ್ಟೇ ಚೆನ್ನಾಗಿರಲಿ.

ಬೇಸಿನ ಗುಣ ತಿಳಿಯಲು ಮೃದಂಗದ ತನಿ ಆವರ್ತನ ಹಾಕಿ, ಎಡಮುಖದ ಗುಂಕಿಯನ್ನೇ (ಅಂಗೈ ಒತ್ತಿ ಹೊರಡಿಸುವ ನಾದ) ಗಮನಿಸಿ. ಗುಂಕಿಯಲ್ಲಿ ಸ್ವರ ಜಾರುತ್ತದೆ. ಆ ಜಾರು ಸ್ಪಷ್ಟವಾಗಿ ಕೇಳಿದರೆ ಬೇಸ್ ನಿಜವಾದದ್ದು. ಪ್ರತಿ ಪೆಟ್ಟೂ ಒಂದೇ ಸ್ವರದ ‘ದುಮ್’ ಆಗಿ ಬಿದ್ದರೆ, ಯಾವುದೋ ಒಂದು ಕಂಪನದ ಸುತ್ತ ಮಾತ್ರ ಗುಡ್ಡೆ ಹಾಕಿದ್ದಾರೆ ಎಂದರ್ಥ. ಸಿನಿಮಾ ಹಾಡಿನ ಡ್ರಮ್ಮಿನಲ್ಲಿ ಈ ವ್ಯತ್ಯಾಸ ಅಷ್ಟು ಬೇಗ ತಿಳಿಯುವುದಿಲ್ಲ.

ಮೇಲುಸ್ವರಕ್ಕೆ ಬಡಗುತಿಟ್ಟಿನ ಯಕ್ಷಗಾನಕ್ಕಿಂತ ಕಠಿಣ ಪರೀಕ್ಷೆ ಸಿಗುವುದು ಕಷ್ಟ. ಆದರೆ ಮೈಕಿನ ಮುಂದೆ ಸರಿಯಾಗಿ ಮುದ್ರಿಸಿದ ಪದ್ಯವನ್ನೇ ಆರಿಸಿ. ಬಯಲಾಟದಲ್ಲಿ ಫೋನಿನಲ್ಲಿ ಹಿಡಿದದ್ದು ಇದಕ್ಕೆ ಬಾರದು. ಚೆಂಡೆಯ ಉರುಳಿಕೆಯಲ್ಲಿ ಒಂದೊಂದು ಪೆಟ್ಟೂ ಬೇರೆಯಾಗಿ ಕೇಳಬೇಕು, ಭಾಗವತರ ಏರುದನಿ ಅದರಡಿ ಮುಚ್ಚಿಹೋಗಬಾರದು, ಮದ್ದಲೆಗೆ ಮೈ ಇರಬೇಕು, ತಾಳದ ನಾದ ನಿಧಾನವಾಗಿ ಕರಗಬೇಕು. ಒಂದೇ ಪದ್ಯಕ್ಕೆ ಕಿವಿ ಮುದುಡಿದರೆ ಇಡೀ ಪ್ರಸಂಗ ಕೇಳಲಾಗದು. ಜೊತೆಗೆ ಹೆಣ್ಣುದನಿಯಲ್ಲಿ ‘ಸ’, ‘ಶ’, ‘ಚ’ ಅಕ್ಷರಗಳನ್ನು ಗಮನಿಸಿ. ಸೂಜಿಯಂತೆ ಚುಚ್ಚಿದರೆ 5,000ದಿಂದ 8,000 ಹರ್ಟ್ಸ್ ಆಸುಪಾಸಿನಲ್ಲಿ ಏರು ಹೆಚ್ಚಾಗಿದೆ. ಇಲ್ಲೊಂದು ಎಚ್ಚರಿಕೆ: 8,000ದ ಹತ್ತಿರದ ಏರು ಇಯರ್‌ಫೋನನ್ನು ಎಷ್ಟು ಆಳಕ್ಕೆ ಹಾಕಿದ್ದೀರಿ ಎಂಬುದರ ಮೇಲೂ ಬದಲಾಗುತ್ತದೆ. ಸ್ವಲ್ಪ ಒಳಗೆ, ಹೊರಗೆ ಸರಿಸಿ ನೋಡಿದ ಮೇಲೆಯೇ ತೀರ್ಮಾನಿಸಿ.

ಕೊನೆಗೆ ಟೋನ್ ಜನರೇಟರ್ ಆ್ಯಪಿನಲ್ಲಿ 20ರಿಂದ 200 ಹರ್ಟ್ಸ್‌ವರೆಗೆ ನಿಧಾನಕ್ಕೆ ಏರಿಸಿ, ಕಡಿಮೆ ವಾಲ್ಯೂಮಿನಲ್ಲಿ. ನಡುವೆ ‘ಗಿರ್ರ್’ ಎಂಬ ಒರಟು ಸದ್ದು ಬಂದರೆ ಪೊರೆಯ ಮೇಲೆ ಕೂದಲೋ ಧೂಳೋ ಕೂತಿದೆ ಇಲ್ಲವೇ ಒಡಲು ಸಡಿಲವಾಗಿದೆ. ಹೊಸ ಜೋಡಿಯಲ್ಲಿ ಇದು ಬಂದರೆ ಅಂದೇ ಬದಲಿ ಕೇಳಿ.

ವಯರು ಮತ್ತು ಪಿನ್ನು

ಈ ಬೆಲೆಯಲ್ಲಿ ಮೊದಲು ಸಾಯುವುದು ಪಿನ್ನಿನ ಬುಡ. ಹಾಡು ನಡೆಯುತ್ತಿರುವಾಗ ಪಿನ್ನನ್ನು ಒಂದು ಸುತ್ತು ತಿರುಗಿಸಿ, ಬುಡದ ವಯರನ್ನು ಮೆಲ್ಲಗೆ ನಾಲ್ಕೂ ಕಡೆ ಬಾಗಿಸಿ. ಕರಕರ ಸದ್ದು ಬಂದರೆ ಬೇಡ. ಜೇಬಿನಲ್ಲಿ ಫೋನ್ ಇಟ್ಟು ಓಡಾಡುವವರಿಗೆ ‘ಎಲ್’ ಆಕಾರದ ಪಿನ್ ಹೆಚ್ಚು ಬಾಳುತ್ತದೆ. ವಯರನ್ನು ಉಗುರಿನಿಂದ ತಟ್ಟಿದಾಗ ಕಿವಿಯಲ್ಲಿ ದಡದಡ ಎಂದರೆ ವಯರನ್ನು ಕಿವಿಯ ಮೇಲಿನಿಂದ ಸುತ್ತಿ ಹಾಕಿ, ಬಹಳ ಕಡಿಮೆಯಾಗುತ್ತದೆ.

ಹಾಡುಗಾರರ ದನಿ ಮಾಯವಾಗಿ ವಾದ್ಯ ಮಾತ್ರ ದೂರದಿಂದ ಬಂದಂತೆ ಕೇಳಿದರೆ ಗಾಬರಿಯಾಗಬೇಡಿ. 3.5 ಮಿ.ಮೀ. ಪಿನ್ನಿನ ತುದಿ ಎಡಕ್ಕೆ, ಮೊದಲ ಉಂಗುರ ಬಲಕ್ಕೆ, ಎರಡನೆಯ ಉಂಗುರ ಎರಡಕ್ಕೂ ಸೇರಿದ ಗ್ರೌಂಡ್ (ವಿದ್ಯುತ್ತು ಮರಳುವ ದಾರಿ), ಬುಡ ಮೈಕಿಗೆ. ಗ್ರೌಂಡ್ ಬಿಟ್ಟುಹೋದಾಗ ಎಡ-ಬಲಗಳ ವ್ಯತ್ಯಾಸ ಮಾತ್ರ ಕೇಳುತ್ತದೆ. ದನಿ ಎರಡರಲ್ಲೂ ಒಂದೇ ಆದ್ದರಿಂದ ಕಳೆದುಹೋಗುತ್ತದೆ. ಪಿನ್ ಪೂರ್ತಿ ಒಳಗೆ ಹೋಗದಿದ್ದರೂ, ಫೋನಿನ ತೂತಿನಲ್ಲಿ ಕಸ ತುಂಬಿದ್ದರೂ ಹೀಗೇ. ಪಿನ್ ಬದಲಾಯಿಸಿ ಬೆಸುಗೆ ಹಾಕಿಸುವಾಗ ಒಳಗಿನ ಎಳೆಗಳ ಬಣ್ಣದ ಲೇಪವನ್ನು ಸುಟ್ಟು ಅಥವಾ ಕೆರೆದು ತೆಗೆಯದಿದ್ದರೆ ಬೆಸುಗೆ ಹಿಡಿಯುವುದಿಲ್ಲ; ರಿಪೇರಿ ನಿಲ್ಲದಿರಲು ಬಹಳ ಸಲ ಇದೇ ಕಾರಣ.

ದುಡ್ಡಿನ ಲೆಕ್ಕ

ಪೆಟ್ಟಿಗೆಯ ಮೇಲಿನ ‘20–20,000 ಹರ್ಟ್ಸ್’ಗೆ ಎಷ್ಟು ಡೆಸಿಬೆಲ್ (ಸದ್ದಿನ ಮಟ್ಟದ ಅಳತೆ) ಏರಿಳಿತದೊಳಗೆ ಎಂದು ಬರೆಯದಿದ್ದರೆ ಅರ್ಥವಿಲ್ಲ. ಒಳಗೆ ಸದ್ದು ಹೊರಡಿಸುವ ಡ್ರೈವರಿನ ಗಾತ್ರ, ಸಂಖ್ಯೆಯೂ ಗುಣದ ಅಳತೆಯಲ್ಲ. 2022ರಲ್ಲಿ ಬಂದು ಹೆಸರು ಮಾಡಿದ ಮೂನ್‌ಡ್ರಾಪ್ ಚು, ಸೆವೆನ್ ಹರ್ಟ್ಸ್ ಸಾಲ್ನೋಟ್ಸ್ ಝೀರೋ ಎಂಬ ಇಯರ್‌ಫೋನ್ ಎರಡರಲ್ಲೂ ಬದಿಗೊಂದರಂತೆ 10 ಮಿ.ಮೀ. ಡ್ರೈವರ್ ಮಾತ್ರ. ಓಮ್ಸ್ (ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ಮಾತ್ರ ಒಮ್ಮೆ ನೋಡಿ: 16ರಿಂದ 32ರೊಳಗಿದ್ದರೆ ಸಾಮಾನ್ಯವಾಗಿ ಯಾವ ಫೋನಿಗೂ ಕಷ್ಟವಿಲ್ಲ.

ಬಾಳಿಕೆಯನ್ನು ತಿಂಗಳ ಲೆಕ್ಕದಲ್ಲಿ ಹಾಕಿ. 500 ರೂಪಾಯಿಯದು ಐದು ತಿಂಗಳಿಗೆ ಹೋದರೆ ತಿಂಗಳಿಗೆ 100. 1,800 ರೂಪಾಯಿಯ, ಕಳಚಿ ಹಾಕುವ ವಯರಿನ ಜೋಡಿ ಮೂರು ವರ್ಷ ಬಂದು ನಡುವೆ ಒಂದು ಸಲ 400 ರೂಪಾಯಿಯ ವಯರು ಬದಲಾಯಿಸಿದರೂ ತಿಂಗಳಿಗೆ ಸುಮಾರು 61. ವಯರಿಲ್ಲದ ಬಡ್ಸ್‌ಗಳಲ್ಲಿ ಪುಟ್ಟ ಬ್ಯಾಟರಿ ಒಂದೆರಡು ವರ್ಷದಲ್ಲಿ ಸೋಲುತ್ತದೆ, ಬದಲಾಯಿಸಲು ದಾರಿ ಇರುವುದು ಅಪರೂಪ. ಅದೇ ಬೆಲೆಯ ಹಣದಲ್ಲಿ ಒಂದು ಪಾಲು ಬ್ಯಾಟರಿ, ಬ್ಲೂಟೂತ್, ಡಬ್ಬಿಗೆ ಹೋಗುವುದರಿಂದ ನಾದಕ್ಕೆ ಉಳಿಯುವುದೂ ಕಡಿಮೆ. ಇನ್ನೊಂದು ಮಾತು: ಫೋನಿನ ಎಫ್‌ಎಂನಲ್ಲಿ ಆಕಾಶವಾಣಿ ಭದ್ರಾವತಿ ಕೇಳುವವರಿಗೆ ವಯರೇ ಬೇಕು, ಏಕೆಂದರೆ ಅಲ್ಲಿ ಆ ವಯರೇ ಆಂಟೆನಾ. 3.5 ಮಿ.ಮೀ. ತೂತೇ ಇಲ್ಲದ ಫೋನಾದರೆ ಟೈಪ್-ಸಿ ಡಾಂಗಲಿನ ಬೆಲೆಯನ್ನೂ ಸೇರಿಸಿ ಲೆಕ್ಕ ಹಾಕಿ. ಬಿಲ್ ಇಟ್ಟುಕೊಳ್ಳಿ. ವಾರಂಟಿಗೆ ತಕರಾರು ಬಂದರೆ ಗ್ರಾಹಕ ಸಹಾಯವಾಣಿ 1915.

ಬಸ್ಸು, ತೋಟ, ಮಳೆಗಾಲ

ಅಡಿಕೆ ಸುಲಿಯುವಾಗ ತಾಸುಗಟ್ಟಲೆ ಕೇಳುವವರು ಅರ್ಧ ಗಂಟೆ ಸತತ ಹಾಕಿಕೊಂಡು ನೋಡಬೇಕು; ನೋವು ಶುರುವಾಗುವುದು ಆಮೇಲೆಯೇ. ಮನೆಯಲ್ಲಿ ಗುರುತು ಹಾಕಿಕೊಂಡ ವಾಲ್ಯೂಮನ್ನು ಘಾಟಿ ಹತ್ತುವ ಬಸ್ಸಿನಲ್ಲಿ ತುಂಬ ಏರಿಸಬೇಕಾದರೆ ಹೊರಗಿನ ಸದ್ದನ್ನು ಅದು ತಡೆಯುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಕಳೆ ಕೊಚ್ಚುವ ಯಂತ್ರದ ಜೊತೆ ಹಾಡು ಕೇಳಲೇಬೇಡಿ. ಆ ಸದ್ದನ್ನು ಮೀರಿಸಲು ಏರಿಸುವ ವಾಲ್ಯೂಮ್ ಕಿವಿಗೆ ಎರಡನೆಯ ಪೆಟ್ಟು.

ಮಳೆಗಾಲದಲ್ಲಿ ಒಂದು ಬದಿ ಸಣ್ಣಗೆ ಕೇಳತೊಡಗಿದರೆ ಕೆಟ್ಟಿದೆ ಎಂದು ಎಸೆಯಬೇಡಿ. ತುದಿಯ ಜಾಲರಿಯಲ್ಲಿ ತೇವ ಮತ್ತು ಗುಗ್ಗೆ ಸೇರಿ ಮುಚ್ಚಿಕೊಂಡಿರುತ್ತದೆ. ರಬ್ಬರು ತೆಗೆದು, ಜಾಲರಿ ಕೆಳಮುಖವಾಗಿ ಹಿಡಿದು, ಒಣಗಿದ ಮೆದು ಹಲ್ಲುಜ್ಜುವ ಬ್ರಷ್‌ನಿಂದ ಸವರಿ. ಪಿನ್ನು ಚುಚ್ಚಬೇಡಿ, ಬಾಯಿಂದ ಊದಬೇಡಿ, ಉಸಿರಿನಲ್ಲೂ ತೇವವಿದೆ. ಆಮೇಲೆ ಮುಚ್ಚಳದ ಡಬ್ಬಿಯಲ್ಲಿ ನಾಲ್ಕೈದು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಒಂದು ರಾತ್ರಿ ಇಡಿ. ಬಚ್ಚಲೊಲೆಯ ಪಕ್ಕ ಒಣಗಲು ಇಟ್ಟರೆ ಒಳಗಿನ ಅಂಟು ಮೆತ್ತಗಾಗಿ ಒಡಲು ಬಿಟ್ಟುಕೊಳ್ಳುತ್ತದೆ.