ಗಡಿಗೆ ಇಟ್ಟು ರೆಕಾರ್ಡಿಂಗ್ ರೂಮಿನ ಗುಂಯ್ ಇಳಿಸಿದ್ದು: ನನ್ನ ಅನುಭವ

ಧಾರವಾಡದ ನಮ್ಮ ಮನೆ ಮಹಡಿಯ ಮೇಲೆ ನನ್ನದೊಂದು ಸಣ್ಣ ರೆಕಾರ್ಡಿಂಗ್ ರೂಮಿದೆ. ಅದರ ಮೂಲೆಗಳಲ್ಲಿ ಮಣ್ಣಿನ ಗಡಿಗೆ ನೋಡಿ ನಕ್ಕವರೇ ಜಾಸ್ತಿ. ಒಬ್ಬ ತಬಲಾದವರಂತೂ "ಏನ್ ಸರ, ಅರವಟ್ಟಿಗಿ ಇಟ್ಟೀರೇನು?" ಅಂದರು. ಈಗ ಅವರೇ ಹುಬ್ಬಳ್ಳಿಯ ತಮ್ಮ ರೂಮಿಗೆ ಮಾಡಿಕೊಡಿ ಅಂತ ಫೋನ್ ಮಾಡುತ್ತಿದ್ದಾರೆ. ರೂಮ್ ಮೋಡ್ (ಎದುರುಬದುರು ಗೋಡೆಗಳ ನಡುವೆ ರೂಮೇ ಮೊಳಗುವ ಸ್ವರ), ಸ್ವೀಪ್ (ತಗ್ಗಿನಿಂದ ಎತ್ತರಕ್ಕೆ ಸ್ವರ ಏರಿಸುತ್ತ ರೂಮು ಅಳೆಯೋದು), ಡಿಕೇ (ಸದ್ದು ಆರುವ ಬಗೆ) ಇವೆಲ್ಲ ಗೊತ್ತಿರುವವರಿಗೆ ಬರೆಯುತ್ತಿದ್ದೇನೆ, ಹಾಗಾಗಿ ಇದಕ್ಕಿಂತ ಹೆಚ್ಚು ಪಾಠ ಮಾಡಲ್ಲ.

ರೂಮು 12 ಅಡಿ ಉದ್ದ, 10 ಅಡಿ ಅಗಲ, ಎತ್ತರ ಒಂಬತ್ತೂವರೆ. ಅಂದರೆ ಅಗಲದ ಮೋಡ್ 57 ಹರ್ಟ್ಸ್, ಎತ್ತರದ್ದು 60. ಎರಡೂ ಒಂದರ ತೊಡೆಯ ಮೇಲೆ ಒಂದು ಕೂತ ಹಾಗೆ. ಡಗ್ಗಾದ (ತಬಲಾ ಜೋಡಿಯ ದೊಡ್ಡ, ತಗ್ಗು ದನಿಯ ವಾದ್ಯ) ಮೇಲೆ ಅಂಗೈ ಒತ್ತಿ ಜಾರಿಸುವಾಗ ನಾದ ಏರಿ ಇಳಿಯುತ್ತದಲ್ಲ, ಆ ಜಾರಿನಲ್ಲಿ ಒಂದೇ ಒಂದು ಜಾಗಕ್ಕೆ ಬಂದಾಗ ರೂಮೇ ಉಬ್ಬಿದಂತೆ ಗುಂಯ್ ಅಂದು, ಮುಂದಿನ ಬೋಲ್ (ಪೆಟ್ಟು) ಬಂದರೂ ಹಿಂದಿನದು ಹೋಗುತ್ತಿರಲಿಲ್ಲ. ಕರಿ ಒಂದರ ಶ್ರುತಿಯ ತಂಬೂರಿಯ ಖರಜ (ಎಲ್ಲಕ್ಕಿಂತ ತಗ್ಗಿನ ತಂತಿ) 69 ಹರ್ಟ್ಸ್ ಹತ್ತಿರ ಇರೋದರಿಂದ ಅದು ಹೇಗೋ ಪಾರಾಗಿತ್ತು.

ಮೊದಲು ಫೋಮ್. ಸುಮಾರು 18 ಸಾವಿರ ಹೋಯಿತು. ಎರಡಿಂಚಿನ ಫೋಮ್ ಎತ್ತರದ ಸ್ವರಗಳನ್ನೆಲ್ಲ ತಿಂದು ಹಾಕಿ ತಗ್ಗಿನವನ್ನು ಮುಟ್ಟಲೇ ಇಲ್ಲ. ರೂಮು ಮಂಕಾಯಿತು, ಗುಂಯ್ ಇನ್ನೂ ಎದ್ದು ಕಾಣಿಸಿತು. ಇಕ್ಯೂ (ಬೇಕಾದ ಸ್ವರವನ್ನಷ್ಟೇ ಏರಿಸಿ ಇಳಿಸುವ ಸಾಧನ) ಹಾಕಿ ಇಳಿಸಿ ಅಂದರು ಕೆಲವರು. ಇಕ್ಯೂ ಅಳತೆಯ ಗ್ರಾಫಿನಲ್ಲಿ ಆ ಸ್ವರದ ಗುಡ್ಡ ಇಳಿಸುತ್ತದೆ, ಆದರೆ ಮೈಕ್ ಎರಡಡಿ ಸರಿಸಿದರೆ ಎಲ್ಲ ಲೆಕ್ಕ ತಪ್ಪುತ್ತದೆ. ತಗ್ಗಿನ ಸ್ವರ ಹೀರುವ ರೆಡಿಮೇಡ್ ಬಾಸ್ ಟ್ರ್ಯಾಪಿಗೆ ಒಬ್ಬರು ಕೊಟ್ಟ ಕೊಟೇಶನ್ 90 ಸಾವಿರದ ಆಸುಪಾಸು. ರೂಮಿನ ಒಟ್ಟು ಖರ್ಚೇ ಅದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಕೊನೆಗೆ ಗಡಿಗೆ: ಟೊಳ್ಳು ಪಾತ್ರೆ ತನ್ನದೇ ಒಂದು ಸ್ವರಕ್ಕೆ ಮೊಳಗುತ್ತದೆ, ಅದನ್ನು ರೂಮಿನ ಗುಂಯ್ ಸ್ವರಕ್ಕೆ ಹೊಂದಿಸಿದರೆ ಆ ಸದ್ದನ್ನು ನುಂಗುತ್ತದೆ. ಈ ಐಡಿಯಾ ನನ್ನದಲ್ಲ, ಬಹಳ ಹಳೇದು. ಪ್ರಾಚೀನ ರೋಮಿನ ವಾಸ್ತುಶಿಲ್ಪಿ ವಿಟ್ರುವಿಯಸ್ ನಾಟಕಶಾಲೆಯಲ್ಲಿ ಕಂಚಿನ ಪಾತ್ರೆ ಇಡೋದರ ಬಗ್ಗೆ ಬರೆದಿದ್ದಾನೆ. ಯುರೋಪಿನ ಎಷ್ಟೋ ಹಳೆಯ ಚರ್ಚುಗಳ ಗೋಡೆಯೊಳಗೆ ಮಣ್ಣಿನ ಮಡಕೆ ಹುದುಗಿಸಿದ್ದಾರೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಿವಿಗೆ ಇಟ್ಟುಕೊಳ್ಳುವ ಸಣ್ಣ ಸಣ್ಣ ಟೊಳ್ಳು ಗೋಳಗಳನ್ನು ಮಾಡಿಸಿ, ಒಂದು ಸ್ವರದಲ್ಲಿ ಯಾವ್ಯಾವ ಉಪಸ್ವರ ಇವೆ ಅಂತ ಹೆಕ್ಕಿ ತೆಗೆದು 1863ರಲ್ಲಿ ಪುಸ್ತಕವನ್ನೇ ಬರೆದ. ನಕ್ಕವರಿಗೆ ಇದನ್ನೆಲ್ಲ ಹೇಳಿದೆ. ಇನ್ನೂ ಜೋರಾಗಿ ನಕ್ಕರು.

ಖಾನಾಪುರ ಕಡೆಯ ಗಡಿಗೆ ಚೆನ್ನಾಗಿರುತ್ತದೆ. 20 ಲೀಟರಿನದು, ಒಂದಕ್ಕೆ 250 ರೂಪಾಯಿ ಬಿತ್ತು ಅಂತ ನೆನಪು. ಸಣ್ಣ ಬಾಯಿಯದು ಮಾಡಿಕೊಡಿ ಅಂದರೆ ಕುಂಬಾರರು ಒಪ್ಪಲಿಲ್ಲ. "ಕೈ ಒಳಗ ಹೋಗಂಗಿಲ್ಲ, ತೊಳಿಯೋದು ಹೆಂಗ್ರೀ?" ಅಂತ ಅವರ ಪ್ರಶ್ನೆ. ಸರಿ, ಸಾದಾ ಗಡಿಗೆಯನ್ನೇ ತಂದೆ. ಬಾಯಿ ಅಗಲ ಇದ್ದರೆ ಅದು 100ರ ಮೇಲೆ ಕೂಗುತ್ತದೆ, ನಮಗೆ ಬೇಕಾದ್ದು 57, 60ರ ನಡುವಿನ 58. ಅದಕ್ಕೆ ಪ್ಲೈವುಡ್ಡಿನ ಮುಚ್ಚಳ ಕತ್ತರಿಸಿ, ನಡುವೆ ಎರಡಿಂಚಿನ ಪಿವಿಸಿ ಪೈಪಿನ ತುಂಡು ಕೂರಿಸಿ, ಸುತ್ತ ಎಂ-ಸೀಲ್ ಮೆತ್ತಿದೆ. ಪೈಪು ಎರಡಿಂಚು ಉದ್ದ ಇದ್ದರೆ ಹತ್ತಿರ ಹತ್ತಿರ 58ಕ್ಕೆ ಬರುತ್ತದೆ, ನಾಲ್ಕಿಂಚು ಇಟ್ಟರೆ 47ಕ್ಕೆ ಇಳಿಯುತ್ತದೆ. ಸ್ವಲ್ಪ ಉದ್ದ ಬಿಟ್ಟು ಆಮೇಲೆ ಕೊಯ್ಯುತ್ತ ಬರೋದು. ಸೀಲಿನಲ್ಲಿ ಕೂದಲೆಳೆಯ ಸಂದು ಇದ್ದರೂ ಗಡಿಗೆ ಸತ್ತುಹೋಗುತ್ತದೆ. ಪೈಪಿನ ಬಾಯಿಗೆ ಅಂಗೈ ತಟ್ಟಿದರೆ ಸೀಲ್ ಆದದ್ದು ದುಂಡಗೆ ಬುಂ ಅನ್ನುತ್ತದೆ, ಸೋರುವುದು ತಪ್ ಅನ್ನುತ್ತದೆ. ಸಾಫ್ಟ್‌ವೇರ್ ಬೇಡ, ಕೈಗೇ ಗೊತ್ತಾಗುತ್ತದೆ.

ಸಣ್ಣ ಟ್ಯೂನಿಂಗಿಗೆ ಒಳಗೆ ನೀರು ಸುರಿದು ನೋಡಿದೆ. ಎರಡು ಲೀಟರ್ ಸುರಿದರೆ ಮೂರು ಹರ್ಟ್ಸ್ ಏರುತ್ತದೆ, ಲೆಕ್ಕ ಸರಿಯಾಗೇ ಇತ್ತು. ಆದರೆ ಹೊಸ ಗಡಿಗೆ ಬೆವರದೆ ಇರುತ್ತದಾ? ಬೆಳಿಗ್ಗೆ ನೋಡಿದರೆ ನೆಲ ಒದ್ದೆ, ನೀರು ಕಮ್ಮಿಯಾಗಿ ಸ್ವರ ಮತ್ತೆ ಇಳಿದಿದೆ. ಆಮೇಲೆ ನೀರಿನ ಬದಲು ಒಳಗೆ ಸಿಮೆಂಟಿನ ಹಾಲು ಹೊಯ್ದು ತಿರುಗಿಸಿ ಒಣಗಿಸಿದೆ. ರಂಧ್ರವೂ ಮುಚ್ಚಿತು, ಜಾಗವೂ ಬೇಕಾದಷ್ಟು ತುಂಬಿತು.

ಒಂದು ಗಡಿಗೆ ಇಟ್ಟಾಗ ಏನೂ ಆಗಲಿಲ್ಲ. ಎರಡು ಇಟ್ಟಾಗಲೂ ಅಷ್ಟೇ. ಇಲ್ಲೇ ಬಹಳ ಜನ ಕೈಬಿಡುತ್ತಾರೆ. ಎಂಟೊಂಬತ್ತು ಗಡಿಗೆ ನೆಲದ ನಾಲ್ಕೂ ಮೂಲೆಗೆ ಹೋದ ಮೇಲೆ ಗ್ರಾಫ್ ಅಲ್ಲಾಡಿತು. ಹೇಗೆ ಅಲ್ಲಾಡಿತು ಅಂದರೆ, 58ರ ಗುಡ್ಡ ಕುಸಿದು ಹಳ್ಳವಾಯಿತು, ಅದರ ಎಡಕ್ಕೆ 55ರಲ್ಲಿ ಒಂದು, ಬಲಕ್ಕೆ 62ರಲ್ಲಿ ಒಂದು ಹೊಸ ಗುಡ್ಡ ಎದ್ದವು! ಒಂದು ಹೋಗಿ ಎರಡಾಯಿತು. ಕೇಳೋಕೆ ಮೊದಲಿಗಿಂತ ಕೆಟ್ಟದಾಗಿತ್ತು, ಡಗ್ಗಾ ನಿಂತ ಮೇಲೆ ಗಡಿಗೆಗಳು ಹಾಡುತ್ತಿದ್ದವು.

ನನ್ನ ಪ್ರಕಾರ ಇಡೀ ಕೆಲಸದ ಮರ್ಮ ಇಲ್ಲಿದೆ. ಎಲ್ಲರೂ ಗಡಿಗೆಯನ್ನು ಟ್ಯೂನ್ ಮಾಡೋದರಲ್ಲೇ ನಿಲ್ಲುತ್ತಾರೆ. ಚೆನ್ನಾಗಿ ಹಾಡುವ ಗಡಿಗೆ ರೂಮಿಗೆ ಕೆಲಸಕ್ಕೆ ಬರಲ್ಲ, ಅದರ ದನಿಯನ್ನು ಹದವಾಗಿ ಕೆಡಿಸಬೇಕು. ಗಡಿಯಾರದ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ನಡುಗುತ್ತದೆ, ಅದು ಆಚೀಚೆ ಹೋದರೆ ಗಡಿಯಾರವೇ ತಪ್ಪು. ನಮಗೆ ಬೇಕಾದ್ದು ತದ್ವಿರುದ್ಧ, ಆಚೀಚೆಯ ಸದ್ದನ್ನೂ ಸ್ವಲ್ಪ ಸ್ವಲ್ಪ ನುಂಗುವ ಸೋಮಾರಿ ಗಡಿಗೆ. ಅದಕ್ಕೆ ಪೈಪಿಗೆ ತೆಳ್ಳಗಿನ ಬಟ್ಟೆ ಕಟ್ಟಬೇಕು. ಒಂದು ಪದರ ಸಾಲದು, ನಾಲ್ಕು ಕಟ್ಟಿದರೆ ಗಡಿಗೆ ಇದ್ದೂ ಇಲ್ಲದ ಹಾಗೆ. ಬಟ್ಟೆ ಯಾವುದು, ಪೈಪಿನ ಯಾವ ತುದಿಗೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ, ಅದಕ್ಕೆ ಬಹಳ ರಾತ್ರಿ ನಿದ್ದೆ ಕೆಟ್ಟಿದ್ದೇನೆ.

ಬಟ್ಟೆ ಕಟ್ಟಿದ ಮೇಲೆ ಆ ಎರಡೂ ಗುಡ್ಡ ಮಲಗಿದವು. ಮೊದಲು ಸುತ್ತಮುತ್ತಲಿಗಿಂತ 12 ಡೆಸಿಬೆಲ್ ಎತ್ತರ ಇದ್ದದ್ದು ಈಗ ನಾಲ್ಕೈದು. ಗುಂಯ್ ಆರಲು ಬೇಕಿದ್ದ ಸಮಯ ಅರ್ಧಕ್ಕಿಂತ ಕಡಿಮೆಯಾಗಿದೆ. ಒಟ್ಟು ಖರ್ಚು ನಾಲ್ಕೂವರೆ ಸಾವಿರದ ಒಳಗೆ, ಒಡೆದ ಎರಡು ಗಡಿಗೆ ಸೇರಿಸಿ.

ಬೇಸಿಗೆಯಲ್ಲಿ ಟ್ಯೂನ್ ಹೋಗಲ್ವಾ ಅಂತ ಒಬ್ಬರು ಕೇಳಿದರು. ಹೋಗುತ್ತದೆ. ಗಾಳಿ ಬಿಸಿಯಾದರೆ ಸದ್ದಿನ ವೇಗ ಏರಿ ಗಡಿಗೆಯ ಸ್ವರ ಏರುತ್ತದೆ. ಆದರೆ ರೂಮಿನ ಸ್ವರವೂ ಅದೇ ಪ್ರಮಾಣದಲ್ಲಿ ಏರುತ್ತದಲ್ಲ, ಎರಡೂ ಜೊತೆಗೇ ಹೋಗುತ್ತವೆ. ಈ ಉತ್ತರ ಕೇಳಿ ಅವರು ಸುಮ್ಮನಾದರು.

ಮಧ್ಯೆ ಒಂದು ತುದಿ ಮುಚ್ಚಿದ ಐದಡಿಯ ಪೈಪನ್ನೂ ನಿಲ್ಲಿಸಿ ನೋಡಿದೆ. ಲೆಕ್ಕಕ್ಕೆ ಅದೂ 57ರ ಹತ್ತಿರವೇ. ಕೆಲಸ ಮಾಡುತ್ತದೆ, ಆದರೆ ನಾಲ್ಕಿಂಚಿನ ಪೈಪು ತುಂಬ ಬೇಕಾಗುತ್ತದೆ, ರೂಮಿನಲ್ಲಿ ಮನುಷ್ಯರಿಗೆ ಜಾಗ ಇರಲ್ಲ. ಇನ್ನೊಂದು ತಮಾಷೆ: ಬಟ್ಟೆ ಕಟ್ಟದ ಗಡಿಗೆಯೊಳಗೆ ಸಣ್ಣ ಮೈಕ್ ಇಳಿಬಿಟ್ಟು ಎದುರಿಗೆ ಡಗ್ಗಾ ಬಾರಿಸಿ ರೆಕಾರ್ಡ್ ಮಾಡಿದೆ. ಪೆಟ್ಟು ಕೇಳಿಸಲ್ಲ, ಬರೀ ಉದ್ದನೆಯ ಹೂಂಕಾರ. ಒಂದು ಜಾಹೀರಾತಿನವರು ಅದನ್ನು ಕೊಂಡರು, ಗಡಿಗೆಗಳ ದುಡ್ಡು ಅದರಲ್ಲೇ ವಾಪಸ್ ಬಂತು.

ರೂಮಿನ ಉದ್ದದ 47 ಹರ್ಟ್ಸ್ ಇನ್ನೂ ಬಾಕಿ ಇದೆ. ಅದಕ್ಕೆ 40 ಲೀಟರಿನ ಹರವಿ ಹೇಳಿದ್ದೇನೆ. ಪೈಪು ಉದ್ದ ಇಟ್ಟು 20 ಲೀಟರಿನದರಲ್ಲೇ ಮಾಡಬಹುದು, ಆದರೆ ಗಡಿಗೆ ದೊಡ್ಡದಾದಷ್ಟೂ ನುಂಗೋದು ಜಾಸ್ತಿ. ಬಾಗಿಲಲ್ಲಿ ಹಿಡಿಸುತ್ತದೆ, ಅಳೆದು ನೋಡಿದ್ದೇನೆ.