ಟೈಟಾನಿಯಂ ಮೇಲೆ ಬಯೋಗ್ಲಾಸ್ ಲೇಪ: ಬಿರುಕು ಬಿಡದಂತೆ ಸುಡುವುದು ಹೇಗೆ?

ನಮ್ಮ ಲ್ಯಾಬ್‌ಗೆ ಹೊಸದಾಗಿ ಬರುವವರು ಟೈಟಾನಿಯಂ ಇಂಪ್ಲಾಂಟ್‌ಗೆ ಲೇಪಿಸಲು ಮೊದಲು ಕೇಳುವುದೇ 45ಎಸ್5 ಎಂಬ ಬಯೋಗ್ಲಾಸನ್ನು, ಅಂದರೆ ಮೂಳೆಯ ಜೊತೆ ಬೆಸೆದುಕೊಳ್ಳುವ ಗಾಜನ್ನು. ಫ್ಲೋರಿಡಾದಲ್ಲಿ ಲ್ಯಾರಿ ಹೆಂಚ್ 1969ರಲ್ಲಿ ಮಾಡಿದ ಗಾಜು ಅದು. ಮೂಳೆಗೆ ಚೆನ್ನಾಗಿ ಅಂಟುತ್ತದೆ, ನಿಜ. ಆದರೆ ಟೈಟಾನಿಯಂ ಮೇಲೆ ಸುಟ್ಟರೆ ತಣಿಯುವಾಗ ಬಿರಿಯುತ್ತದೆ. ಒಂದು ಡಿಗ್ರಿ ಬಿಸಿಗೆ ಈ ಗಾಜು ಹತ್ತು ಲಕ್ಷಕ್ಕೆ ಸುಮಾರು 15 ಪಾಲು ಹಿಗ್ಗುತ್ತದೆ, ಟೈಟಾನಿಯಂ ಬರೀ 9–10. ತಣಿಯುವಾಗ ಗಾಜು ಜಾಸ್ತಿ ಕುಗ್ಗಲು ಹೋಗುತ್ತದೆ, ಲೋಹ ಬಿಡುವುದಿಲ್ಲ. ಗಾಜು ಎಳೆತ ತಡೆಯಲ್ಲ ಅಲ್ವಾ?

ಹಾಗಾಗಿ ಫರ್ನೆಸ್ ಹಚ್ಚುವ ಮುಂಚೆ ಗಾಜನ್ನು ಸರಿಯಾಗಿ ಆರಿಸಿ. ಅಮೆರಿಕದ ಬರ್ಕ್ಲಿ ಲ್ಯಾಬ್‌ನವರು ತೋರಿಸಿದ ದಾರಿ ನನಗೆ ತುಂಬಾ ಇಷ್ಟ: ಗಾಜಿನ ಮುಖ್ಯ ಅಂಶವಾದ ಸಿಲಿಕಾ ಸುಮಾರು 57%, ಸೋಡಿಯಂ ಜಾಗದಲ್ಲಿ ಸ್ವಲ್ಪ ಪೊಟ್ಯಾಸಿಯಂ, ಕ್ಯಾಲ್ಸಿಯಂ ಜಾಗದಲ್ಲಿ ಸ್ವಲ್ಪ ಮೆಗ್ನೀಸಿಯಂ. ಹಿಗ್ಗುವಿಕೆ 11ರ ಹತ್ತಿರಕ್ಕೆ ಇಳಿಯುತ್ತದೆ. ಸಿಲಿಕಾ 60% ದಾಟಿದರೆ ಮಾತ್ರ ಗಾಜು ಮೂಳೆಗೆ ಸ್ಪಂದಿಸುವುದನ್ನೇ ಬಿಡುತ್ತದೆ.

ಟೈಟಾನಿಯಂ ತುಂಡನ್ನು ಉಜ್ಜಿ, ಅಸಿಟೋನ್‌ನಲ್ಲೂ ಎಥನಾಲ್‌ನಲ್ಲೂ ತೊಳೆಯಿರಿ. ಆಮೇಲೆ ಬರಿಗೈಲಿ ಮುಟ್ಟಬೇಡಿ. ಗಾಜನ್ನು 20 ಮೈಕ್ರಾನ್‌ಗಿಂತ ನುಣ್ಣಗೆ ಪುಡಿ ಮಾಡಿ, ಎಥನಾಲ್‌ನಲ್ಲಿ ಕಲಸಿ, ತುಂಡಿನ ಮೇಲೆ ಸಮವಾಗಿ ಕೂರಲು ಬಿಡಿ. ಪೂರ್ತಿ ಒಣಗಲಿ.

ಇನ್ನು ಸುಡುವುದು. ಇಲ್ಲೇ ಎಲ್ಲ ಇರುವುದು. 800–840 ಡಿಗ್ರಿ ಸೆಲ್ಸಿಯಸ್, ಅದೂ ಒಂದು ನಿಮಿಷದೊಳಗೆ. ಹಲ್ಲಿನ ಪಿಂಗಾಣಿ ಸುಡುವ ಫರ್ನೆಸ್ ಇದ್ದರೆ ಬಹಳ ಅನುಕೂಲ, ಬೇಗ ಬಿಸಿಯಾಗುತ್ತದೆ. ಸಮಯ ಕಡಿಮೆಯಾದರೆ ಲೇಪ ಹಿಡಿಯುವುದಿಲ್ಲ. ಜಾಸ್ತಿಯಾದರೆ ಟೈಟಾನಿಯಂ ಗಾಜಿನ ಸಿಲಿಕಾವನ್ನು ತಿನ್ನುತ್ತದೆ. ಗಾಳಿಗುಳ್ಳೆ ಏಳುತ್ತವೆ, ಲೇಪ ಎದ್ದು ಬರುತ್ತದೆ. ನಮಗೆ ಬೇಕಾದದ್ದು ನಡುವೆ ಟೈಟಾನಿಯಂ ಸಿಲಿಸೈಡ್‌ನ (ಟೈಟಾನಿಯಂ, ಸಿಲಿಕಾನ್ ಸೇರಿ ಆಗುವ ವಸ್ತು) ತೀರಾ ತೆಳು ಪದರ, ಸುಮಾರು 100 ನ್ಯಾನೋಮೀಟರ್. ಹಿಡಿತ ಬರುವುದೇ ಅದರಿಂದ. ಸುಟ್ಟ ತುಂಡನ್ನು ಅವಸರದಲ್ಲಿ ತಣಿಸಬೇಡಿ.

ಪರೀಕ್ಷೆಗೆ ತುಂಡನ್ನು ಅಡ್ಡಲಾಗಿ ಕತ್ತರಿಸಿ, ಗಾಜು-ಲೋಹ ಸೇರುವ ಕಡೆ ವಿಕರ್ಸ್ ಮೊನೆ (ಗಡಸುತನ ಅಳೆಯುವ ವಜ್ರದ ಮೊನೆ) ಒತ್ತಿ. ಬಿರುಕು ಆ ಗೆರೆ ಹಿಡಿದು ಓಡದೆ ಗಾಜಿನೊಳಗೇ ಹೋದರೆ ಅಂಟು ಗಟ್ಟಿ. ಇನ್ನೊಂದು ತುಂಡನ್ನು ಕೊಕುಬೊ ಅವರ ಎಸ್‌ಬಿಎಫ್ ದ್ರಾವಣದಲ್ಲಿ (ದೇಹದ ದ್ರವದಂತೆಯೇ ಲವಣಗಳಿರುವ ದ್ರಾವಣ) 36.5 ಡಿಗ್ರಿಯಲ್ಲಿ ಮುಳುಗಿಸಿಡಿ. ಪಿಎಚ್ 7.4 ಇರಲಿ. ಗಾಜು ಮೂಳೆಗೆ ಸ್ಪಂದಿಸುವಂಥದ್ದಾದರೆ ಅದರ ಮೇಲೆ ಅಪಟೈಟ್, ಅಂದರೆ ಮೂಳೆಯಲ್ಲಿರುವಂಥ ಖನಿಜ, ಕೂರುತ್ತದೆ. ಜೊತೆಗೆ ಲೇಪವಿಲ್ಲದ ತುಂಡೊಂದನ್ನು ಬೇರೆ ಡಬ್ಬಿಯಲ್ಲಿ ಇಡಿ. ಅದರ ಮೇಲೂ ಅಪಟೈಟ್ ಕೂತರೆ ನಿಮ್ಮ ದ್ರಾವಣವೇ ಕೆಟ್ಟಿರಬಹುದು, ಹೊಸದು ಮಾಡಿಕೊಳ್ಳಿ.