ಕಿಸೆ ಇಲ್ಲದ ಯೂನಿಫಾರ್ಮ್

ಮಂಗಳೂರಿನ ಬಿಜೈಯಲ್ಲಿ ನನ್ನದೊಂದು ಟೈಲರ್ ಅಂಗಡಿ. ಬ್ಲೌಸ್, ಚೂಡಿದಾರ್ ಹೊಲಿಯುವುದು ಉಂಟು, ಆದರೆ ಅಂಗಡಿ ನಡೆಯುವುದು ಯೂನಿಫಾರ್ಮ್‌ನಿಂದ. ಆಸ್ಪತ್ರೆಯ ಆಯಾಗಳದ್ದು, ನರ್ಸಿಂಗ್ ಮಕ್ಕಳದ್ದು, ಹೋಟೆಲ್ ಸಪ್ಲೈಯರ್‌ಗಳದ್ದು. 2025ರ ಆಟಿ ತಿಂಗಳು, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕದ ತುಳು ತಿಂಗಳು. ಶಾಲೆ ಯೂನಿಫಾರ್ಮ್‌ನ ಗಡಿಬಿಡಿ ಮುಗಿದಿತ್ತು. ಆಟಿಯಲ್ಲಿ ಮದುವೆ ಇಲ್ಲ, ಮದುವೆ ಇಲ್ಲದಿದ್ದರೆ ಬ್ಲೌಸೂ ಇಲ್ಲ. ಸುಮ್ನೆ ಮಳೆ ನೋಡುತ್ತಾ ಕೂತಿದ್ದಾಗ ಒಬ್ಬ ಹುಡುಗ ಬಂದು ಇಪ್ಪತ್ತನಾಲ್ಕು ಸೆಟ್‌ನ ಆರ್ಡರ್ ಕೊಟ್ಟ. ನಮ್ಮ ರಸ್ತೆಯ ಕೊನೆಯ ಕಟ್ಟಡದಲ್ಲಿ ಹೊಸ ಬಾರ್ ಆಂಡ್ ರೆಸ್ಟೋರೆಂಟ್ ಬರ್ತದಂತೆ. ಹನ್ನೆರಡು ಹುಡುಗಿಯರು, ತಲಾ ಎರಡು ಸೆಟ್. ಅಡ್ವಾನ್ಸ್ ಕೂಡ ಕೊಟ್ಟ.

ರಾತ್ರಿ ಕಟಿಂಗ್ ಮೇಜಿನ ಮೇಲೆ ಅವನ ಚೀಟಿ ಬಿಡಿಸಿದೆ. ಮೇಲೆ ಶರ್ಟು, ಹೊಟ್ಟೆಯ ಹತ್ತಿರ ಗಂಟು. ಕೆಳಗೆ ಶಾರ್ಟ್ಸ್, ಒಳಗಾಲಿನ ಉದ್ದ ಮೂರು ಇಂಚು. ಸೈಜು 32 ಮತ್ತು 34 ಮಾತ್ರ. ಆಮೇಲೆ ಒಂದು ಸಾಲು: ಎದೆ ಸುತ್ತಳತೆ ಮೈ ಅಳತೆಗಿಂತ ಎರಡು ಇಂಚು ಕಡಿಮೆ, ಗುಂಡಿ ಎಳೆದಂತೆ ಕಾಣಬೇಕು. ಇನ್ನೊಂದು ಸಾಲು: ಕಿಸೆ ಬೇಡ.

ಲೈಕ್ರಾ ಬಟ್ಟೆಯನ್ನು ಮೈಗಿಂತ ಕಡಿಮೆ ಅಳತೆಗೆ ಹೊಲಿಯುವುದು ಉಂಟು, ಜಿಮ್‌ಗೆ ಹೋಗುವವರದ್ದೆಲ್ಲ ಹಾಗೆಯೇ. ಆದರೆ ಅವನು ಕೊಟ್ಟ ಸ್ಯಾಂಪಲ್ ದಪ್ಪ ಕಾಟನ್, ಒಂದು ಚೂರೂ ಹಿಗ್ಗುವುದಿಲ್ಲ. ಅಂಥ ಬಟ್ಟೆಗೆ ನಾವು ಮೈ ಅಳತೆಗಿಂತ ಮೂರು ಇಂಚಾದರೂ ಲೂಸ್ ಬಿಡುತ್ತೇವೆ, ಇಲ್ಲದಿದ್ದರೆ ಟ್ರೇ ಎತ್ತುವಾಗ ಕಂಕುಳಲ್ಲಿ ಹರಿಯುತ್ತದೆ. ಎರಡು ಇಂಚು ಕಡಿಮೆ ಎಂದರೆ ಆ ಹುಡುಗಿ ಇಡೀ ದಿನ ಅರ್ಧ ಉಸಿರು ಎಳೆದುಕೊಂಡು ಕೆಲಸ ಮಾಡಬೇಕು. ಮತ್ತೆ ಕಿಸೆ ಇಲ್ಲ. ಹಾಗಾದರೆ ಗಿರಾಕಿ ಕೊಟ್ಟ ಟಿಪ್ಸ್ ಎಲ್ಲಿ ಇಡುವುದು? ಮರುದಿನ ಆ ಹುಡುಗನಿಗೇ ಫೋನ್ ಮಾಡಿ ಕೇಳಿದೆ. ಅವನು ನಕ್ಕ. "ಅದು ಬ್ರ್ಯಾಂಡ್‌ನ ಸ್ಟೈಲ್ ಅಕ್ಕ" ಎಂದ.

ಆರ್ಡರ್ ವಾಪಸ್ ಮಾಡಿದೆ. ಅಡ್ವಾನ್ಸ್ ಕೂಡ. ಆ ತಿಂಗಳು ಅಂಗಡಿ ಬಾಡಿಗೆಗೆ ತಂಗಿಯ ಹತ್ತಿರ ಸಾಲ ಮಾಡಿದೆ, ಅದನ್ನೂ ಹೇಳಿಬಿಡುತ್ತೇನೆ.

ಒಂದು ವಿಷಯ ಮೊದಲೇ ಸ್ಪಷ್ಟ ಮಾಡುತ್ತೇನೆ. ಶಾರ್ಟ್ಸ್ ಬಗ್ಗೆ ನನಗೆ ತಕರಾರಿಲ್ಲ. ನಾನೇ ಎಷ್ಟೋ ಹೊಲಿದಿದ್ದೇನೆ, ನನ್ನ ಮಗಳೂ ಹಾಕುತ್ತಾಳೆ. ಅವಳಿಗೆ ಬೇಕಾದಾಗ ಅವಳು ಹಾಕುವುದು ಬೇರೆ, ಸಂಬಳ ಬೇಕಾದರೆ ಗುಂಡಿ ಎಳೆಯುವ ಶರ್ಟು ಹಾಕು ಅನ್ನುವುದು ಬೇರೆ. ಇಷ್ಟು ಸಣ್ಣ ವ್ಯತ್ಯಾಸವನ್ನು ಜನರಿಗೆ ಮುಟ್ಟಿಸುವುದಕ್ಕೆ ನನಗೆ ಐದು ತಿಂಗಳು ಹಿಡಿಯಿತು.

ಬೇರೆ ಊರಾಗಿದ್ದರೆ ಇಷ್ಟು ಕಷ್ಟ ಇರುತ್ತಿರಲಿಲ್ಲವೋ ಏನೋ. ಇದು ಮಂಗಳೂರು ಮಾರಾಯ್ರೆ. 2009ರ ಜನವರಿ 24ರಂದು ಸಂಸ್ಕೃತಿ ಉಳಿಸುವ ಹೆಸರಿನಲ್ಲಿ ಬಲ್ಮಠದ ಪಬ್‌ಗೆ ನುಗ್ಗಿ ಹೆಣ್ಣುಮಕ್ಕಳನ್ನು ಹೊಡೆದು ಓಡಿಸಿದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. 2012ರ ಜುಲೈನಲ್ಲಿ ಪಡೀಲ್‌ನ ಹೋಂಸ್ಟೇಯಲ್ಲಿ ಹುಟ್ಟುಹಬ್ಬ ಮಾಡುತ್ತಿದ್ದ ಮಕ್ಕಳ ಮೇಲೆ ಮತ್ತೆ ಅದೇ. ಪಬ್ ಕೇಸಿನಲ್ಲಿ 2018ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2009ರಲ್ಲಿ ನನ್ನ ತಂಗಿ ಕಾಲೇಜಿನಲ್ಲಿದ್ದಳು. ಆಮೇಲೆ ಎಷ್ಟೋ ತಿಂಗಳು ಗೆಳತಿಯರ ಜೊತೆ ಐಸ್‌ಕ್ರೀಂ ತಿನ್ನಲಿಕ್ಕೆ ಹೋಗುವಾಗಲೂ ದುಪಟ್ಟಾ ಸರಿ ಮಾಡಿಕೊಳ್ಳುತ್ತಿದ್ದಳು. ಹಾಗಾಗಿ ಈ ಊರಿನಲ್ಲಿ "ಈ ಬಾರ್ ಬೇಡ" ಅಂದ ಕೂಡಲೇ ನಾವು ಯಾರ ಪಕ್ಕ ನಿಂತ ಹಾಗೆ ಕಾಣುತ್ತೇವೆ ಎಂಬುದು ನನಗೆ ಗೊತ್ತಿತ್ತು. ನಿದ್ದೆ ಕೆಟ್ಟದ್ದು ಬಾರ್‌ನವರ ಹೆದರಿಕೆಯಿಂದ ಅಲ್ಲ, ಅದರಿಂದ.

ಮೊದಲ ಮೀಟಿಂಗ್ ನಮ್ಮ ಎದುರಿನ ಫ್ಲಾಟ್‌ನ ಟೆರೇಸ್‌ನಲ್ಲಿ, ಶೀಟಿನ ಕೆಳಗೆ. ಹದಿನಾಲ್ಕು ಜನ ಬಂದಿದ್ದರು. ಹದಿನಾಲ್ಕು ಕಾರಣ ತಂದಿದ್ದರು. ಒಬ್ಬರಿಗೆ ಪಾರ್ಕಿಂಗ್, ಒಬ್ಬರಿಗೆ ಕುಡಿತ, ಒಬ್ಬರಿಗೆ ಡಿಜೆ ಸದ್ದು. ಬ್ಯಾಂಕಿನಿಂದ ರಿಟೈರ್ ಆದ ಮ್ಯಾನೇಜರ್ ಮಾಮನಿಗೆ ತುಳುನಾಡಿನ ಸಂಸ್ಕೃತಿ. ಮಳೆಯ ಸದ್ದಿಗೆ ಯಾರ ಮಾತೂ ಯಾರಿಗೂ ಸರಿ ಕೇಳುತ್ತಿರಲಿಲ್ಲ, ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಮಾಮ ಮನೆಯಲ್ಲೇ ಮನವಿ ಬರೆದು ತಂದಿದ್ದರು, ಚಂದದ ಕೈಬರಹ. "ಅಶ್ಲೀಲ ಉಡುಪಿನ ಹುಡುಗಿಯರಿಂದ ನಮ್ಮ ಪರಿಸರ ಹಾಳಾಗುತ್ತದೆ" ಅಂತ ಮೊದಲನೇ ಸಾಲು.

ನಾನು ಆ ಸಾಲು ಹೊಡೆದು ಹಾಕಿದೆ. ಮಾಮನಿಗೆ ಸಿಟ್ಟು ಬಂತು. "ಮತ್ತೆಂತ ಬರೀಬೇಕು? ನೀನೇ ಅಲ್ವಾ ಚೀಟಿ ತೋರಿಸಿದ್ದು?"

"ಚೀಟಿ ಬರೆದದ್ದು ಹುಡುಗಿಯರಲ್ಲ ಮಾಮ" ಎಂದೆ.

ಆಮೇಲೆ ಹುಡುಗಿಯರು ಅನ್ನುವಲ್ಲಿ ಕೆಲಸಗಾರರು ಅಂತ ಆಯಿತು. ಅಶ್ಲೀಲ ಅನ್ನುವ ಶಬ್ದವೇ ಹೋಯಿತು. ಮೂವರು ಸಹಿ ಹಾಕದೆ ಎದ್ದು ಹೋದರು, ಹೀಗೆ ಬರೆದರೆ ಖಾರ ಇಲ್ಲ ಅಂತ. ಹೋಗಲಿ ಬಿಟ್ಟೆ. ಮಾಮ ಮಾತ್ರ ಉಳಿದರು, ಮುಂದಿನ ಪತ್ರಗಳನ್ನೆಲ್ಲ ಅವರೇ ಬರೆದರು. ಬ್ಯಾಂಕಿನವರ ಕಾಗದಪತ್ರದ ಶಿಸ್ತು ಇಲ್ಲದಿದ್ದರೆ ನನ್ನಿಂದ ಇದು ಆಗುತ್ತಲೇ ಇರಲಿಲ್ಲ.

ಆರ್‌ಟಿಐ ಅರ್ಜಿ ಹಾಕಿದೆವು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಮಾಮನಿಗೆ 150 ಪದದಲ್ಲಿ ನಮಸ್ಕಾರ ಮುಗಿಯುವುದೇ ಕಷ್ಟ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿ ಲಾಲ್‌ಬಾಗ್‌ನ ಪಾಲಿಕೆ ಕಚೇರಿಗೆ ಒಂದು, ಅಬಕಾರಿಯವರಿಗೆ ಒಂದು. ಪಾಲಿಕೆಯ ಅವಧಿ ಮುಗಿದು ಕಾರ್ಪೊರೇಟರ್‌ಗಳೆಲ್ಲ ಮಾಜಿ ಆಗಿದ್ದರು, ಹಾಗಾಗಿ ಬಾಗಿಲು ತಟ್ಟಲಿಕ್ಕೆ ಆ ಬಾಗಿಲೂ ಇರಲಿಲ್ಲ. ಉತ್ತರ ಬಂದಾಗ ನೋಡಿದರೆ ಟ್ರೇಡ್ ಲೈಸೆನ್ಸ್‌ಗೆ ಬರೇ ರೆಸ್ಟೋರೆಂಟ್ ಅಂತ ಅರ್ಜಿ. ಯೂನಿಫಾರ್ಮ್‌ಗೆ ಯಾವ ಕಚೇರಿಯಲ್ಲೂ ಕಾಲಂ ಇಲ್ಲ, ಅಲ್ವಾ.

ಶಾಲೆ, ಆಸ್ಪತ್ರೆ, ದೇವಸ್ಥಾನದಿಂದ 100 ಮೀಟರ್ ಒಳಗೆ ಮದ್ಯದಂಗಡಿ ಕೂಡದು ಎಂದು ಅಬಕಾರಿ ನಿಯಮ ಉಂಟು. ನಮ್ಮ ಪೂರ್ತಿ ಆಸೆ ಅದರ ಮೇಲೆ ಇತ್ತು. ಒಂದು ಭಾನುವಾರ ಬೆಳಗ್ಗೆ ನಾನು, ನಮ್ಮ ಜೊತೆಗಿದ್ದ ಒಬ್ಬರು ಟೀಚರ್ ಮತ್ತು ಮಾಮ ಮೂವತ್ತು ಮೀಟರ್‌ನ ಟೇಪು ಹಿಡಿದು ರಸ್ತೆ ಅಳೆದೆವು. ಜನ ನಡೆಯುವ ದಾರಿಯಲ್ಲೇ ಅಳೆಯಬೇಕು ಎಂದು ಕಚೇರಿಯಲ್ಲಿ ಹೇಳಿದ್ದರು. ಶಾಲೆಯ ಗೇಟಿನಿಂದ ಕಟ್ಟಡದ ಬಾಗಿಲಿಗೆ 118 ಮೀಟರ್. ಇನ್ನೊಮ್ಮೆ ಅಳೆದೆವು. 118. ಗೋಡೆ ಹಾರಿ ಅಳೆದರೆ ಕಡಿಮೆಯಾಗ್ತದೆ ಎಂದು ಯಾರೋ ಹೇಳಿದರು. ನಾನು ಮೂವತ್ತು ವರ್ಷದಿಂದ ಅಳತೆಯ ಕೆಲಸ ಮಾಡುವವಳು. ಟೇಪು ಸುತ್ತಿಟ್ಟು ಮನೆಗೆ ಬಂದೆ.

ಅದೇ ವಾರ ಒಂದು ಫೋನ್ ಬಂತು. ಯಾವ ಸಂಘಟನೆ ಎಂದು ಬೇಡ. ತುಂಬಾ ಮರ್ಯಾದೆಯಿಂದ ಮಾತಾಡಿದ. "ಅಕ್ಕ, ನೀವು ಹೂಂ ಅಂದರೆ ಸಾಕು. ಉಳಿದದ್ದು ನಾವು ನೋಡಿಕೊಳ್ತೇವೆ. ಒಂದು ದಿನದ ಕೆಲಸ." ನನ್ನ ಕೈ ನಡುಗಿತು. ಸುಳ್ಳು ಹೇಳುವುದಿಲ್ಲ, ಒಂದು ಕ್ಷಣ ಆಸೆಯೂ ಆಯಿತು. ಐದು ಅರ್ಜಿಯಲ್ಲಿ ಆಗದ್ದು ಒಂದು ದಿನದಲ್ಲಿ. ಬೇಡ ಅಂದೆ. "ಆ ಹುಡುಗಿಯರ ಮೈಮೇಲೆ ಯಾರಾದರೂ ಕೈ ಹಾಕಿದರೆ ಮೊದಲ ದೂರು ನಾನೇ ಕೊಡುವುದು" ಎಂದೂ ಹೇಳಿದೆ. ಅವನಿಗೆ ನಾನು ಯಾವ ಕಡೆ ಅಂತಲೇ ಅರ್ಥ ಆಗಲಿಲ್ಲ. ಫೋನ್ ಇಟ್ಟ. ಮರುದಿನ ಪೊಲೀಸ್ ಸ್ಟೇಷನ್‌ಗೆ ಹೋಗಿ ಈ ಮಾತನ್ನು ಬರೆದುಕೊಟ್ಟು ಸೀಲ್ ಹಾಕಿಸಿಕೊಂಡು ಬಂದೆ. ನೀವು ಇಂಥ ಕೆಲಸಕ್ಕೆ ಇಳಿದರೆ ಇದನ್ನು ಮೊದಲೇ ಮಾಡಿ, ನನ್ನ ಹಾಗೆ ಫೋನ್ ಬರುವ ತನಕ ಕಾಯಬೇಡಿ.

ದಾರಿ ಸಿಕ್ಕಿದ್ದು ನನ್ನ ಗಿರಾಕಿ ವಕೀಲೆ ಮೇಡಂ ಅವರಿಂದ, ಕೋಟಿನ ಕೈ ಸಣ್ಣ ಮಾಡಿಸಲಿಕ್ಕೆ ಬಂದಿದ್ದಾಗ. "ಬಾರ್‌ನಲ್ಲಿ ಹೆಂಗಸರು ಕೆಲಸ ಮಾಡಬಾರದು ಅಂತ ಮಾತ್ರ ಎಲ್ಲೂ ಬರೀಬೇಡಿ" ಎಂದರು. ಅನುಜ್ ಗರ್ಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2007ರಲ್ಲೇ ಅಂಥ ನಿಷೇಧವನ್ನು ತೆಗೆದುಹಾಕಿದೆ. ರಕ್ಷಣೆ ಕೊಡುತ್ತೇವೆ ಅಂತ ಹೇಳಿ ಹೆಣ್ಣುಮಕ್ಕಳ ಕೆಲಸ ಕಿತ್ತುಕೊಳ್ಳುವ ಹಾಗಿಲ್ಲ. ಅದರ ಬದಲು 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ 19ನೇ ಸೆಕ್ಷನ್ ಓದಿ ಎಂದರು. ಕೆಲಸದ ಜಾಗಕ್ಕೆ ಬರುವ ಹೊರಗಿನವರಿಂದಲೂ ಕಾಪಾಡುವುದು ಮಾಲೀಕನ ಕರ್ತವ್ಯ ಎಂದು ಅಲ್ಲಿ ಉಂಟು. ಹೊರಗಿನವರು ಎಂದರೆ ಗಿರಾಕಿ. ಕೆಲಸಕ್ಕೆ ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಇದ್ದರೆ ಆಂತರಿಕ ಸಮಿತಿ ಬೇಕೇ ಬೇಕು, ಅದಕ್ಕೆ ಮಹಿಳೆಯೇ ಅಧ್ಯಕ್ಷೆ, ಹೊರಗಿನ ಒಬ್ಬರು ಸದಸ್ಯರು. ರಾತ್ರಿ ಪಾಳಿಗೆ ಹೆಣ್ಣುಮಕ್ಕಳ ಲಿಖಿತ ಒಪ್ಪಿಗೆ ಬೇಕು, ಮನೆಗೆ ಬಿಡುವ ವಾಹನ ಬೇಕು.

ನಾನು ಕೋಟಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಹೊಸ ಮನವಿ ಕಾರ್ಮಿಕ ಇಲಾಖೆಗೆ, ಪ್ರತಿ ಪಡೀಲ್‌ನ ಹೊಸ ಡಿಸಿ ಆಫೀಸಿಗೆ. ಚೀಟಿಯ ಫೋಟೋ ಲಗತ್ತಿಸಿದೆವು. ಅಲ್ಲಿನ ಒಬ್ಬರು ಕನ್ನಡಕ ಏರಿಸಿ ಓದಿ ಹೇಳಿದರು: "ಬಾರ್ ಬೇಡ ಅಂತ ಅರ್ಜಿ ಬರೋದು ಉಂಟು. ಬಾರ್‌ನ ಶರ್ಟಿನ ಅಳತೆ ಸರಿ ಇಲ್ಲ ಅಂತ ಇದೇ ಮೊದಲು."

ಇದರ ನಡುವೆ ಒಬ್ಬಳು ಹುಡುಗಿ ಅಂಗಡಿಗೆ ಬಂದಳು. ಸುಳ್ಯ ಕಡೆಯವಳು, ಬಿ.ಕಾಂ ಅರ್ಧಕ್ಕೆ ಬಿಟ್ಟವಳು, ಅದೇ ಬಾರ್‌ಗೆ ಸೆಲೆಕ್ಟ್ ಆದವಳು. ಅಳತೆ ಕೊಡಲಿಕ್ಕೆ ಅಲ್ಲ, ಜಗಳಕ್ಕೆ. "ಅವರು ಹದಿನೆಂಟು ಸಾವಿರ ಕೊಡ್ತಾರೆ. ಬಟ್ಟೆ ಅಂಗಡಿಯಲ್ಲಿ ಹತ್ತು. ನೀವು ನಿಲ್ಲಿಸಿದರೆ ಉಳಿದ ಎಂಟು ಸಾವಿರ ನೀವು ಕೊಡ್ತೀರಾ ಅಕ್ಕ?"

ಉತ್ತರ ಇರಲಿಲ್ಲ. ಚೀಟಿ ತೋರಿಸಿದೆ. ಓದಿದಳು. ಅವಳಿಗೆ ಆ ಅಳತೆಯ ಸಾಲು ಯಾರೂ ಹೇಳಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೆ ಕೆಲಸ ಬೇಕು, ಈ ಶರ್ಟು ಬೇಡ" ಎಂದಳು. ಅಲ್ಲಿವರೆಗೆ ನಮ್ಮ ಮನವಿಯಲ್ಲಿ ರೆಸ್ಟೋರೆಂಟ್‌ಗೆ ಅನುಮತಿ ಕೊಡಬಾರದು ಅಂತಲೇ ಇತ್ತು. ಆ ರಾತ್ರಿ ಮಾಮನ ಮನೆಗೆ ಹೋಗಿ ಅದನ್ನೂ ಹೊಡೆಸಿದೆ. ಈ ಸಲ ಇನ್ನೂ ಐದು ಜನ ಬಿಟ್ಟು ಹೋದರು. ಕೊನೆಗೆ ಉಳಿದವರು ಆರೇ ಜನ.

ಕಟ್ಟಡದ ಧಣಿ ದುಬೈಯಲ್ಲಿ. ಆದರೆ ಅವರ ಅಮ್ಮ ಮಣ್ಣಗುಡ್ಡೆಯಲ್ಲಿ, ಇಪ್ಪತ್ತು ವರ್ಷದಿಂದ ನನ್ನ ಹತ್ತಿರವೇ ಬ್ಲೌಸ್ ಹೊಲಿಸುವವರು. ಅವರ ಮುಂದೆ ಭಾಷಣ ಮಾಡಲಿಲ್ಲ. ಚೀಟಿಯ ಪ್ರಕಾರ ಒಂದು ಶರ್ಟು ಹೊಲಿದುಕೊಂಡು ಹೋಗಿದ್ದೆ, ಟೇಪಿನ ಜೊತೆ ಅವರ ಮಡಿಲಿಗೆ ಇಟ್ಟೆ. ಅವರು ಶರ್ಟು ಅಳೆದರು, ಗುಂಡಿ ಹಾಕಿ ನೋಡಿದರು. "ಇದು ಮೂವತ್ತೆರಡರ ಹುಡುಗಿಗೆ?" ಎಂದು ಕೇಳಿದರು. ಚಾ ತರಿಸಿದರು. ಮಗನಿಗೆ ಏನು ಹೇಳಿದರೋ ಗೊತ್ತಿಲ್ಲ, ಹತ್ತು ದಿನ ಬಿಟ್ಟು ಬಾರ್ ಮಾಡುವ ಹುಡುಗನೇ ನನ್ನ ಅಂಗಡಿಗೆ ಬಂದ. ಅರ್ಜಿ, ಸಹಿ, ಸೀಲು ಎಲ್ಲದಕ್ಕಿಂತ ಬಾಡಿಗೆ ಕರಾರು ಜೋರು ಅಂತ ಆಗ ತಿಳಿಯಿತು. ಮೊದಲೇ ಅಲ್ಲಿಗೆ ಹೋಗಬೇಕಿತ್ತು.

ಅವನೂ ನಮ್ಮೂರಿನವನೇ, ಸಾಲ ಮಾಡಿ ಫ್ರಾಂಚೈಸಿ ತೆಗೆದುಕೊಂಡವನು. "ಅಮೆರಿಕದಲ್ಲಿ ಹೂಟರ್ಸ್ ನಲವತ್ತು ವರ್ಷದಿಂದ ಹೀಗೇ ನಡೆಸ್ತಾ ಉಂಟು ಅಕ್ಕ" ಎಂದ. ಹೂಟರ್ಸ್ ಅಂದರೆ ಸಪ್ಲೈ ಮಾಡುವ ಹುಡುಗಿಯರಿಗೆ ಇಂಥದ್ದೇ ಬಿಗಿ ಬಟ್ಟೆ ಹಾಕಿಸುವ ರೆಸ್ಟೋರೆಂಟ್ ಸರಣಿ. ಅವನದ್ದು ಹೂಟರ್ಸ್ ಅಲ್ಲ, ಅದೇ ಅಚ್ಚಿನದ್ದು. ಮಗಳು ನನಗೆ ಪಾಠ ಮಾಡಿ ಕಳಿಸಿದ್ದಳು. ಹೌದು, 1983ರಲ್ಲಿ ಫ್ಲೋರಿಡಾದಲ್ಲಿ ಶುರುವಾದದ್ದು. 2025ರ ಮಾರ್ಚ್ ಕೊನೆಗೆ ದಿವಾಳಿ ಅರ್ಜಿ ಹಾಕಿತು, ಅದನ್ನು ಹಿಡಿದೆತ್ತಲು ಬಂದ ಹಳೆಯ ಮಾಲೀಕರೇ ಬಿಕಿನಿ ರಾತ್ರಿ ನಿಲ್ಲಿಸ್ತೇವೆ ಎಂದರು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಊರವರ ವಿರೋಧದ ನಡುವೆ 2010ರಲ್ಲಿ ತೆರೆದದ್ದು 2012ರಲ್ಲಿ ಮುಚ್ಚಿತು. ಹುಡುಗ ಬೆವರು ಒರೆಸಿಕೊಂಡ. ಪಾಪ, ಅವನ ತಲೆಯಲ್ಲಿ ಇದ್ದದ್ದು ಬ್ಯಾಂಕಿನ ಕಂತು.

ಮಾರ್ನೆಮಿಗೆ, ಅಂದರೆ ನವರಾತ್ರಿಗೆ ತೆರೆಯಬೇಕಿದ್ದದ್ದು ಕ್ರಿಸ್‌ಮಸ್‌ಗೆ ತೆರೆಯಿತು, ಬೇರೆ ಹೆಸರಿನಲ್ಲಿ. ಬ್ರ್ಯಾಂಡ್‌ನವರು ಬಿಟ್ಟರೋ ಇವನೇ ಬಿಟ್ಟನೋ, ಎರಡೂ ಸುದ್ದಿ ಉಂಟು. ಗೋಡೆಯ ಮೇಲೆ ಆಂತರಿಕ ಸಮಿತಿಯ ಬೋರ್ಡು ಹಾಕಿದ್ದಾರೆ, ವಕೀಲೆ ಮೇಡಂ ಹೊರಗಿನ ಸದಸ್ಯೆ. ಪಾರ್ಕಿಂಗ್ ಸಮಸ್ಯೆ ಹಾಗೇ ಉಂಟು. ಮ್ಯಾನೇಜರ್ ಮಾಮ ಇವತ್ತಿಗೂ ಆ ಕಡೆ ನೋಡದೆ ನಡೆಯುತ್ತಾರೆ. ಯೂನಿಫಾರ್ಮ್ ಆರ್ಡರ್ ನನಗೆ ಸಿಗಲಿಲ್ಲ, ಬೆಂಗಳೂರಿನಿಂದ ರೆಡಿಮೇಡ್ ತರಿಸಿದರು. ಕಪ್ಪು ಟೀಶರ್ಟು, ಕಪ್ಪು ಪ್ಯಾಂಟು.

ಮೊನ್ನೆ ಆ ಸುಳ್ಯದ ಹುಡುಗಿ ಪ್ಯಾಂಟು ತಂದಳು. ಸಂಬಳ ಹದಿನೈದಂತೆ, ಹದಿನೆಂಟು ಅಲ್ಲ. ಅದನ್ನು ಹೇಳುವಾಗ ನನ್ನ ಮುಖವನ್ನೇ ನೋಡಿದಳು. ಪ್ಯಾಂಟಿಗೆ ಕಿಸೆ ಇದ್ದ ಹಾಗೆ ಹೊಲಿಗೆ ಉಂಟು, ಒಳಗೆ ಚೀಲವೇ ಇಲ್ಲ. ಹೆಂಗಸರ ರೆಡಿಮೇಡ್ ಎಲ್ಲ ಹೀಗೆಯೇ. "ಮೊಬೈಲ್, ಟಿಪ್ಸ್ ಎರಡೂ ಹಿಡಿಯಬೇಕು ಅಕ್ಕ" ಎಂದಳು. ಹೊಲಿಗೆ ಬಿಚ್ಚಿ, ಏಳು ಇಂಚು ಆಳಕ್ಕೆ ಗಟ್ಟಿ ಬಟ್ಟೆಯ ಕಿಸೆ ಇಟ್ಟು, ಬಾಯಿಗೆ ಡಬಲ್ ಹೊಲಿಗೆ ಹಾಕಿಕೊಟ್ಟೆ. ಉಳಿದ ಹನ್ನೊಂದು ಜನರದ್ದೂ ತರ್ತೇನೆ ಎಂದಿದ್ದಾಳೆ. ಒಂದಕ್ಕೆ ನಲವತ್ತು ರೂಪಾಯಿ ಹೇಳಿದ್ದೇನೆ.